ಅಬುಧಾಬಿಯಿಂದ ಕಕ್ಕಬ್ಬೆಗೆ: ಒಂದು ವೈಡ್ ಆಂಗಲ್ ಲೆನ್ಸ್ ಕೊಂಡ ಪ್ರಕರಣ

2019ರ ಸೆಪ್ಟೆಂಬರ್ ಕೊನೆ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ತಮ್ಮ ಕೊಡೆ ಮಡಚಿಕೊಂಡು ವಿರಾಜಪೇಟೆಯ ನನ್ನ ಸ್ಟುಡಿಯೋಗೆ ಬಂದು ಕೂತ. ತಮ್ಮ ಅಂದರೆ ಚಿಕ್ಕಪ್ಪನ ಮಗ. ಕಕ್ಕಬ್ಬೆಯಲ್ಲಿ ಕಾಫಿ ತೋಟದ ನಡುವೆ ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತಾನೆ. ಅಂಗಳದಲ್ಲಿ ನಿಂತರೆ ಎದುರಿಗೆ ತಡಿಯಂಡಮೋಳ್ ಬೆಟ್ಟ.

"ಅಣ್ಣ, ಕೋಣೆ ಫೋಟೋ ತೆಗೆದರೆ ಮಂಚ ಒಂದೇ ಕಾಣ್ತದೆ. ಆಸ್ಪತ್ರೆ ವಾರ್ಡ್ ಥರ."

ಫೋನ್ ತೆಗೆದು ತೋರಿಸಿದ. ಹೇಳಿದ್ದು ನಿಜ. ಮಂಚದ ಅರ್ಧ, ಕಿಟಕಿಯ ಕಾಲು ಭಾಗ, ಕೆಂಪು ನೆಲ ಒಂದಿಷ್ಟು. ಅವನ ಹತ್ತಿರ ಇದ್ದದ್ದು ನಿಕಾನ್ ಡಿ5300, ಅದರ ಜೊತೆ ಬಂದ 18-55 ಲೆನ್ಸ್ (ಇದು ಮಿಲಿಮೀಟರ್‌ನಲ್ಲಿ ಫೋಕಲ್ ಲೆಂತ್, ನಂಬರ್ ಕಡಿಮೆ ಆದಷ್ಟೂ ಅಗಲ ಕಾಣುತ್ತದೆ). ಅದಕ್ಕಿಂತ ಅಗಲ ಕಾಣೋ ಲೆನ್ಸ್ ಬೇಕು. ಮುಂದಿನ ಎರಡೂವರೆ ತಿಂಗಳು ನಾವಿಬ್ಬರೂ ಇದೇ ವಿಷಯ ಮಾತಾಡಿದ್ದು. ಯಾವ ಲೆನ್ಸ್, ಎಲ್ಲಿಂದ, ಯಾರ ಕೈಲಿ ಅಂತ ಹೇಗೆ ತೀರ್ಮಾನ ಆಯಿತು ಅನ್ನೋದನ್ನ ಬರೆದಿಡುತ್ತಿದ್ದೇನೆ. ಇದೇ ಪ್ರಶ್ನೆ ಹಿಡಿದು ವರ್ಷಕ್ಕೆ ಐದಾರು ಜನ ನನ್ನ ಹತ್ತಿರ ಬರುತ್ತಾರೆ.

ಮೂಲೆಗೆ ಬೆನ್ನು ಕೊಟ್ಟು ನಿಂತರೆ

ಮೊದಲು ಲೆಕ್ಕ ಮಾಡಿದೆವು. ಕೋಣೆಯ ಒಂದು ಮೂಲೆಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ಎಡಗಡೆಯ ಗೋಡೆಯಿಂದ ಬಲಗಡೆಯ ಗೋಡೆವರೆಗೆ 90 ಡಿಗ್ರಿ. ಕೋಣೆ ಇಡಿಯಾಗಿ ಕಾಣಬೇಕಾದರೆ ಲೆನ್ಸ್ ಅಷ್ಟನ್ನು ಹಿಡಿಯಬೇಕು. ಡಿ5300ರ ಸೆನ್ಸರ್ ಅಗಲ 23.5 ಮಿಲಿಮೀಟರ್. ಇದರಲ್ಲಿ 18ಕ್ಕೆ ಇಟ್ಟರೆ ಅಡ್ಡಕ್ಕೆ ಸಿಗೋದು ಸುಮಾರು 66 ಡಿಗ್ರಿ. 11ಕ್ಕೆ ಇಟ್ಟರೆ 94. 10ಕ್ಕೆ ಇಟ್ಟರೆ 99.

ಹಾಗಾಗಿ 10 ಬೇಕಾ 11 ಸಾಕಾ ಅನ್ನೋ ಜಗಳ ಅಲ್ಲೇ ಮುಗಿಯಿತು. ಬೇಕಿದ್ದು 90, ಅದು 11ರಲ್ಲೇ ಸಿಗುತ್ತದೆ. ಇನ್ನೂ ಕಡಿಮೆಗೆ ಹೋದರೆ ಮೂಲೆಯಲ್ಲಿರೋ ದಿಂಬು ಚಾಪೆ ಥರ ಉದ್ದ ಎಳೆದುಕೊಳ್ಳುತ್ತದೆ, ಅಷ್ಟೇ ಲಾಭ.

ನನ್ನ ಮೊದಲ ಸಲಹೆ ನಿಕಾನ್‌ನವರದೇ ಎಎಫ್-ಪಿ 10-20. ತೂಕ 230 ಗ್ರಾಂ. ಡಿ5300ಗೆ ಫರ್ಮ್‌ವೇರ್ (ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಕೆಲಸ ಮಾಡುತ್ತದೆ. ಇಲ್ಲೇ ಬಿಲ್ ಹಾಕಿಸಿ, ಇಲ್ಲೇ ವಾರಂಟಿ ಇಟ್ಟುಕೊಂಡು ಕೊಳ್ಳಬಹುದಿತ್ತು. ಕೋಣೆ ಫೋಟೋ ತೆಗೆಯೋದು ಟ್ರೈಪಾಡ್ ಮೇಲೆ, ಎಫ್/8ರಲ್ಲಿ. ಅದಕ್ಕೆ ದೊಡ್ಡ ಅಪರ್ಚರ್ (ಬೆಳಕು ಒಳಗೆ ಬರೋ ಕಂಡಿ, ಎಫ್ ನಂಬರ್ ಸಣ್ಣದಾದಷ್ಟೂ ದೊಡ್ಡದು) ಯಾಕೆ? ಇವತ್ತಿಗೂ ಬರೀ ಕೋಣೆ ಫೋಟೋಗೆ ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಇದನ್ನೇ.

ತಮ್ಮ ಒಪ್ಪಲಿಲ್ಲ. ಅವನ ಮನಸ್ಸಲ್ಲಿ ಇನ್ನೆರಡು ಫೋಟೋ ಇದ್ದವು. ಒಂದು, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ. ಐನ್‌ಮನೆಯಿಂದ (ಕುಟುಂಬದ ಮೂಲ ಮನೆ) ಎಲ್ಲರೂ ದೀಪ ಹಿಡಿದುಕೊಂಡು ಗದ್ದೆಗೆ ಇಳಿಯೋದು, ಕದಿರು ಕೊಯ್ಯೋದು. ಇನ್ನೊಂದು, ಡಿಸೆಂಬರ್-ಜನವರಿಯ ಆಕಾಶ. ಮಂಜು ಬೀಳೋ ಮುಂಚೆ ಒಂದೆರಡು ಗಂಟೆ ನಕ್ಷತ್ರ ಕೈಗೆ ಸಿಗೋ ಹಾಗಿರುತ್ತವೆ ನೋಡಿ, ಅದು. ಬೆಂಗಳೂರಿನಿಂದ ಬರೋರಿಗೆ ಇದೆರಡು ತೋರಿಸಿದರೆ ಕೋಣೆ ತಾನಾಗೇ ಬುಕ್ ಆಗುತ್ತದೆ ಅಂತ ಅವನ ವಾದ. ಎರಡೂ ಕತ್ತಲೆಯ ಕೆಲಸ. ಆ ನಿಕಾನ್ ಲೆನ್ಸಿನ ಎಫ್/4.5ಕ್ಕೆ ಹೋಲಿಸಿದರೆ ಎಫ್/2.8ರಲ್ಲಿ ಬೆಳಕು ಎರಡೂವರೆ ಪಟ್ಟಿಗೂ ಜಾಸ್ತಿ ಒಳಗೆ ಬರುತ್ತದೆ. ದೀಪದ ಬೆಳಕಲ್ಲಿ ನಡೆಯೋ ಜನರನ್ನು ಹಿಡಿಯಬೇಕಾದರೆ ಅದು ಸಣ್ಣ ವ್ಯತ್ಯಾಸ ಅಲ್ಲ. ನಾನು ಸೋತೆ.

ಬೇರೆ ಕಂಪನಿಯ ಲೆನ್ಸ್‌ಗಳು

ನಿಕಾನ್ ಅಲ್ಲದ ಕಂಪನಿಗಳ ಕಡೆ ಹೋದಾಗ ಮುಂದೆ ಬಂದದ್ದು ನಾಲ್ಕು. ಸಿಗ್ಮಾ 10-20 ಎಫ್/3.5. ಟ್ಯಾಮ್ರಾನ್ 10-24, ಇದರಲ್ಲಿ ಕೈ ನಡುಕ ತಡೆಯೋ ವ್ಯವಸ್ಥೆ ಇದೆ, ಆದರೆ ಅಪರ್ಚರ್ 3.5ರಿಂದ 4.5. ಟೋಕಿನಾ 11-16 ಎಫ್/2.8. ಅದರ ನಂತರ ಬಂದ ಟೋಕಿನಾ 11-20 ಎಫ್/2.8.

ಸಿಗ್ಮಾ, ಟ್ಯಾಮ್ರಾನ್ ಎರಡೂ 2.8 ಅಲ್ಲ ಅನ್ನೋ ಕಾರಣಕ್ಕೇ ಬಿದ್ದುಹೋದವು. ಅವು ಕೆಟ್ಟ ಲೆನ್ಸ್ ಅಂತಲ್ಲ. ಹಗಲು ಬೆಟ್ಟ ಹತ್ತೋರಿಗೆ ನಾನು ಟ್ಯಾಮ್ರಾನನ್ನೇ ಹೇಳುತ್ತೇನೆ, 24ರವರೆಗೆ ಹೋಗುತ್ತದೆ, ತೂಕವೂ 440 ಗ್ರಾಂ ಅಷ್ಟೇ.

ಉಳಿದದ್ದು ಎರಡು ಟೋಕಿನಾ. ಇಲ್ಲಿ ತಮ್ಮ ಒಂದು ಗುಂಡಿಗೆ ಬೀಳೋದರಲ್ಲಿದ್ದ.

ಒಂದು ರಾತ್ರಿ ಹತ್ತೂವರೆಗೆ ಫೋನ್. "ಅಣ್ಣ, ಸಿಕ್ಕಿಬಿಡ್ತು! ಹಾಂಗ್‌ಕಾಂಗ್‌ನವನು. 11-16, ನಿಕಾನ್‌ಗೆ, ಹೊಸದು, ಬೇರೆಯವರಿಗಿಂತ ಆರು ಸಾವಿರ ಕಮ್ಮಿ. ಒಂದೇ ಪೀಸ್ ಇರೋದಂತೆ." ಕಾರ್ಡ್ ನಂಬರ್ ಹಾಕಿ ಕೂತಿದ್ದ. ಪೆಟ್ಟಿಗೆಯ ಫೋಟೋ ಕಳಿಸು ಅಂದೆ. ದೊಡ್ಡದು ಮಾಡಿ ನೋಡಿದೆ. ಹೆಸರಿನ ಕೊನೆಗೆ ಇರಬೇಕಾದ 'II' ಇರಲಿಲ್ಲ.

ಈ ಎರಡು ಗೆರೆಯ ಬೆಲೆ ಏನು ಅಂತ ಹೇಳಿಬಿಡುತ್ತೇನೆ. ನಿಕಾನ್‌ನ ಕೆಲವು ಬಾಡಿಗಳಲ್ಲಿ ಫೋಕಸ್ ಮೋಟರ್ ಕ್ಯಾಮೆರಾ ಒಳಗೇ ಇರುತ್ತದೆ, ಡಿ7000 ಸಾಲಿನಲ್ಲಿ ಇರೋ ಹಾಗೆ. ಡಿ3000, ಡಿ5000 ಸಾಲಿನಲ್ಲಿ ಇಲ್ಲ. ಅವಕ್ಕೆ ಲೆನ್ಸ್ ಒಳಗೇ ಮೋಟರ್ ಬೇಕು. 11-16ರ ಮೊದಲ ಆವೃತ್ತಿ ನಿಕಾನ್‌ಗೆ ಬಂದಾಗ ಅದರಲ್ಲಿ ಮೋಟರ್ ಇರಲಿಲ್ಲ. ಎರಡನೆಯ ಆವೃತ್ತಿಯಲ್ಲಿ ಸೇರಿಸಿದರು. ಮೊದಲನೆಯದನ್ನು ಡಿ5300ಗೆ ಹಾಕಿದರೆ ಸರಿಯಾಗಿ ಕೂರುತ್ತದೆ, ಫೋಟೋನೂ ಬರುತ್ತದೆ. ಆದರೆ ಆಟೋಫೋಕಸ್ ಇಲ್ಲ, ಪ್ರತಿ ಸಲ ಕೈಯಲ್ಲೇ ತಿರುಗಿಸಬೇಕು. ಮಾರೋನು ಸುಳ್ಳು ಹೇಳಿರಲಿಲ್ಲ. 'ನಿಕಾನ್‌ಗೆ' ಅಂದಿದ್ದ, ನಿಕಾನ್‌ಗೇ. ಯಾವ ನಿಕಾನ್‌ಗೆ ಅಂತ ಹೇಳಿರಲಿಲ್ಲ ಅಷ್ಟೆ.

ತಮ್ಮ ಕಾರ್ಡ್ ಒಳಗಿಟ್ಟ.

ಆಮೇಲೆ 11-16ರ ಎರಡನೆಯ ಆವೃತ್ತಿಯೋ 11-20ಯೋ ಅನ್ನೋದು. 11-20 ದುಬಾರಿ. ಫಿಲ್ಟರ್ ಸೈಜ್ 82, 11-16ಕ್ಕೆ 77. ಫಿಲ್ಟರ್‌ಗೂ ಜಾಸ್ತಿ ಕೊಡಬೇಕು. ತೂಕ ಎರಡೂ ಸುಮಾರು 560 ಗ್ರಾಂ. ಬ್ಯಾಟರಿ, ಕಾರ್ಡ್ ಸೇರಿ ಡಿ5300 ತೂಗೋದೇ 530, ಅಂದರೆ ಯಾವುದು ತಗೊಂಡರೂ ಕ್ಯಾಮೆರಾ ಮೂತಿ ಕೆಳಗೆ ಮಾಡಿಕೊಂಡು ನೇತಾಡುತ್ತದೆ. ನಾನು 11-20 ಅಂದೆ. ಕಾರಣ ಚಿತ್ರದ ಗುಣಮಟ್ಟ ಅಲ್ಲ, ನಮ್ಮೂರ ಹವೆ. 16ಕ್ಕೆ ನಿಂತುಬಿಟ್ಟರೆ ಜನರನ್ನು ತೆಗೆಯೋಕೆ ಪದೇ ಪದೇ 18-55 ಹಾಕಬೇಕು. ಗದ್ದೆ ಬದುವಿನ ಮೇಲೆ, ಇಬ್ಬನಿ ಬೀಳೋ ಹೊತ್ತಲ್ಲಿ ಲೆನ್ಸ್ ಬಿಚ್ಚಿ ಹಾಕೋದು ಬೇಡದ ಕೆಲಸ. 20ರವರೆಗೆ ಹೋದರೆ ಗುಂಪಿನ ಫೋಟೋಗೆ ಅದೇ ಸಾಕು.

ತರಿಸೋದು ಹೇಗೆ

ಮೈಸೂರಿನಲ್ಲಿ ಕೇಳಿದೆವು, ಸ್ಟಾಕ್ ಇಲ್ಲ. ಬೆಂಗಳೂರಿನ ಒಂದು ಅಂಗಡಿಯವರು ಮುಂಗಡ ಕೊಟ್ಟರೆ ತರಿಸಿಕೊಡುತ್ತೇವೆ ಅಂದರು, ಯಾವಾಗ ಅಂತ ಹೇಳಲಿಲ್ಲ. ಹುತ್ತರಿ ಡಿಸೆಂಬರ್‌ನಲ್ಲಿ. ಕಾಯೋ ಹಾಗಿರಲಿಲ್ಲ.

ಹೊರದೇಶದಿಂದ ಕೊರಿಯರ್‌ನಲ್ಲಿ ತರಿಸಿದರೆ ಎಷ್ಟು ಬೀಳುತ್ತದೆ ಅಂತ ಪೇಪರ್ ಮೇಲೆ ಬರೆದೆವು. ನಾವು ನೋಡಿದ ಬೆಲೆ 499 ಡಾಲರ್. ಆಗ ಡಾಲರ್‌ಗೆ 71 ರೂಪಾಯಿ, ಅಂದರೆ 35,400. ಇಷ್ಟು ನೋಡಿ ಎಲ್ಲರೂ ಖುಷಿಪಡುತ್ತಾರೆ. ಆದರೆ ಕಸ್ಟಮ್ಸ್‌ನವರು ಸುಂಕ ಹಾಕೋದು ವಸ್ತುವಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆಯ ಖರ್ಚನ್ನೂ ಸೇರಿಸಿ. ಅದರ ಮೇಲೆ ಮೂಲ ಸುಂಕ, ಆ ಸುಂಕದ ಮೇಲೆ ಆಗ ಶೇ. 10 ಸರ್ಚಾರ್ಜ್, ಆಮೇಲೆ ಎಲ್ಲಾ ಕೂಡಿಸಿದ ಮೊತ್ತದ ಮೇಲೆ ಐಜಿಎಸ್‌ಟಿ (ಆಮದಿನ ಮೇಲೆ ಬೀಳೋ ಜಿಎಸ್‌ಟಿ). ಸ್ವಂತ ಬಳಕೆಗೆ ತರಿಸೋ ವಸ್ತುವಿಗೆ ಈ ಐಜಿಎಸ್‌ಟಿನೇ ಆಗ ಶೇ. 28 ಇತ್ತು. ಎಲ್ಲಾ ಸೇರಿ ನೂರಕ್ಕೆ ನಲವತ್ತರ ಮೇಲೆ. ಸಾಗಣೆ 40 ಡಾಲರ್ ಹಿಡಿದರೆ ಮನೆ ಬಾಗಿಲಿಗೆ ಬರೋ ಹೊತ್ತಿಗೆ ಲೆನ್ಸ್ 53,000 ದಾಟುತ್ತಿತ್ತು. ಕಾರ್ಡ್‌ನವರ ಕರೆನ್ಸಿ ಬದಲಾವಣೆ ಶುಲ್ಕ, ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಬೇರೆ.

ಅದಕ್ಕಿಂತ ನನಗೆ ಚಿಂತೆ ಆದದ್ದು ಬೇರೆ. ಲೆನ್ಸ್‌ನಲ್ಲಿ ಏನಾದರೂ ದೋಷ ಇದ್ದರೆ? 'ಮಾರಾಟಗಾರರ ವಾರಂಟಿ ಒಂದು ವರ್ಷ' ಅಂತ ಬರೆದಿರುತ್ತಾರೆ. ಅದರ ಅರ್ಥ, ನಿಮ್ಮ ಖರ್ಚಿನಲ್ಲಿ ವಾಪಸ್ ಕಳಿಸಿ. ಕಕ್ಕಬ್ಬೆಯಿಂದ ಹಾಂಗ್‌ಕಾಂಗ್‌ಗೆ ಒಂದು ಲೆನ್ಸ್ ಪಾರ್ಸೆಲ್ ಮಾಡಿ, ರಿಪೇರಿ ಆಗಿ ವಾಪಸ್ ಬರುವಾಗ ಅದಕ್ಕೆ ಮತ್ತೆ ಸುಂಕ ಹಾಕಬೇಡಿ ಅಂತ ಕಾಗದಪತ್ರ ತೋರಿಸಿ... ಬೇಡ ಮಾರಾಯ.

ಹೀಗೆ ಸುತ್ತಿ ಸುತ್ತಿ ಬಂದು ನಿಂತದ್ದು ಭಾವನ ಹತ್ತಿರ. ತಮ್ಮನ ಹೆಂಡತಿಯ ಅಣ್ಣ, ಅಬುಧಾಬಿಯಲ್ಲಿ ಕೆಲಸ. ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಾನೆ. (ತಮ್ಮನ ಹೆಂಡತಿ ನನ್ನನ್ನೂ ಭಾವ ಅಂತಲೇ ಕರೆಯುತ್ತಾಳೆ. ನಮ್ಮಲ್ಲಿ ಎಲ್ಲರೂ ಯಾರಿಗಾದರೂ ಭಾವ. ಹಾಗಾಗಿ ಈ ಬರಹದಲ್ಲಿ ಭಾವ ಅಂದರೆ ಅಬುಧಾಬಿಯ ಭಾವ ಅಂತ ಇಟ್ಟುಕೊಳ್ಳಿ.) 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದಾಗ ಅಲ್ಲಿಂದ ಹಾರಿದ ಮೊದಲ ವಿಮಾನ ಹೋದದ್ದೇ ಅಬುಧಾಬಿಗೆ. ಅದಕ್ಕೆ ಮೊದಲು ಭಾವ ಬೆಂಗಳೂರಿಗೋ ಮಂಗಳೂರಿಗೋ ಇಳಿದು ಬಸ್ಸಲ್ಲಿ ನಿದ್ದೆಗೆಡುತ್ತಾ ಬರುತ್ತಿದ್ದ. ಈಗ ಆ ನಿಲ್ದಾಣ ಇರೋ ಮಟ್ಟನ್ನೂರಿನಲ್ಲಿ ಇಳಿದು, ಮಾಕುಟ್ಟ ಘಾಟಿ ಹತ್ತಿದರೆ ವಿರಾಜಪೇಟೆ.

ಭಾವ ಅಲ್ಲಿನ ಅಂಗಡಿಯಲ್ಲಿ ವಿಚಾರಿಸಿ ಹೇಳಿದ ಬೆಲೆ 1,950 ದಿರ್ಹಮ್, ಅಲ್ಲಿನ ಶೇ. 5 ವ್ಯಾಟ್ ಸೇರಿ. ನಮ್ಮ ಲೆಕ್ಕದಲ್ಲಿ ಸುಮಾರು 37,600. ವ್ಯಾಟ್ ವಾಪಸ್ ಸಿಗುತ್ತಂತೆ ಅಂತ ತಮ್ಮ ಎಲ್ಲೋ ಕೇಳಿಕೊಂಡು ಬಂದಿದ್ದ. ಅದು ಪ್ರವಾಸಿಗಳಿಗೆ, ಅಲ್ಲೇ ವಾಸ ಇರೋರಿಗೆ ಇಲ್ಲ.

ವಿಮಾನದಲ್ಲಿ ಜೊತೆಗೆ ತರೋ ಸಾಮಾನಿಗೆ ಆಗ ಒಬ್ಬರಿಗೆ 50,000 ರೂಪಾಯಿವರೆಗೆ ಸುಂಕ ಇರಲಿಲ್ಲ. ಅದರ ಮೇಲಿನ ಬೆಲೆಗೆ ಸರ್ಚಾರ್ಜ್ ಸೇರಿ ಶೇ. 38.5. ಲೆನ್ಸ್ ಒಂದೇ ಆದರೆ ಸಲೀಸು. ಆದರೆ ಭಾವ ತನ್ನ ಅಪ್ಪನಿಗೆ ಅಂತ 900 ದಿರ್ಹಮ್‌ನ ಫೋನ್ ಕೂಡ ತಗೊಂಡಿದ್ದ. ಎರಡೂ ಸೇರಿದರೆ 55,000. ಈ ಮಿತಿ ಒಬ್ಬೊಬ್ಬರಿಗೂ ಪ್ರತ್ಯೇಕ. ಭಾವನ ಹೆಂಡತಿಯೂ ಜೊತೆಗೆ ಬರೋಳಿದ್ದಳು, ಹಾಗಾಗಿ ಫೋನ್ ಅವಳ ಬ್ಯಾಗಿಗೆ ಹೋಯಿತು. ಒಂದೇ ವಸ್ತುವಿನ ಬೆಲೆ 70,000 ಇದ್ದಿದ್ದರೆ ಇಬ್ಬರ ಮಿತಿ ಕೂಡಿಸಿ ತೋರಿಸೋಕೆ ಆಗುತ್ತಿರಲಿಲ್ಲ. 'ಪೆಟ್ಟಿಗೆ ಬಿಸಾಕಿ ಕ್ಯಾಮೆರಾಗೆ ಹಾಕ್ಕೊಂಡು ಬಾ, ಯಾರು ಕೇಳ್ತಾರೆ' ಅಂತ ಸಲಹೆ ಕೊಟ್ಟ ಮಹನೀಯರೂ ಇದ್ದರು. ಬಿಲ್ ಜೇಬಲ್ಲಿ ಇಟ್ಟುಕೊಂಡು ಬಾ ಅಂದೆ ನಾನು. ಬಿಲ್ ಇಲ್ಲದೆ ವಾರಂಟಿ ಇಲ್ಲ, ಮುಂದೆ ಮಾರುವಾಗ ಬೆಲೆಯೂ ಇಲ್ಲ.

ಇನ್ನು ವಾರಂಟಿ. ಕಾರ್ಡ್ ಇದ್ದದ್ದು ಆ ದೇಶಕ್ಕೆ ಮಾತ್ರ. ಇಲ್ಲಿ ಯಾರೂ ಅದನ್ನು ನೋಡೋಲ್ಲ. ಆದರೆ ಭಾವ ವರ್ಷಕ್ಕೊಮ್ಮೆ ಬಂದು ಹೋಗುತ್ತಾನಲ್ಲ, ಲೆನ್ಸ್ ಕೆಟ್ಟರೆ ಅವನ ಕೈಲೇ ಅದೇ ಅಂಗಡಿಗೆ ಹೋಗುತ್ತದೆ. ಲೆನ್ಸ್ ಆರಿಸೋಕೆ ನಾವು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆವು. ನಿಜವಾಗಿ ಧೈರ್ಯ ಕೊಟ್ಟದ್ದು ಇದೊಂದೇ ವಿಷಯ.

ಅಂಗಡಿಯ ಶೆಲ್ಫ್ ಮತ್ತು ವಾಟ್ಸಾಪ್

ಭಾವನಿಗೆ ಫೋಟೋಗ್ರಫಿ ಅಂದರೆ ಫೋನ್. ಅವನ ಹತ್ತಿರ ಲೆನ್ಸ್ ಪರೀಕ್ಷೆ ಮಾಡಿಸಬೇಕಿತ್ತು. ಅಗಲದ ಜೂಮ್‌ಗಳಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಒಂದು: ಒಳಗಿನ ಗಾಜು ಓರೆ ಕೂತಿದ್ದರೆ ಚಿತ್ರದ ಒಂದು ಬದಿ ಚೂಪಾಗಿ, ಇನ್ನೊಂದು ಬದಿ ಮಬ್ಬಾಗಿ ಬರುತ್ತದೆ. ಅಂಗಡಿಯವನನ್ನು ಕೇಳಿ ಒಂದು ನಿಕಾನ್ ಕ್ಯಾಮೆರಾಗೆ ಹಾಕಿಸು, ಸಾಮಾನು ಜೋಡಿಸಿಟ್ಟ ಶೆಲ್ಫಿನ ಎದುರು ನಿಂತು 11ರಲ್ಲಿ 2.8ಕ್ಕೊಂದು, 5.6ಕ್ಕೊಂದು ತೆಗೆದು ಕಳಿಸು ಅಂತ ವಾಯ್ಸ್ ಮೆಸೇಜ್ ಹಾಕಿದೆ.

ಮೊದಲ ಸಲ ಬಂದದ್ದು ಕ್ಯಾಮೆರಾದ ಪರದೆಯನ್ನು ಫೋನಲ್ಲಿ ತೆಗೆದ ಫೋಟೋ. ಶೆಲ್ಫಿನ ಜೊತೆ ಭಾವನ ಹೆಬ್ಬೆರಳೂ ಇತ್ತು.

ಎರಡನೇ ಸಲ ನಿಜವಾದ ಫೈಲ್ ಕಳಿಸಿದ, ಆದರೆ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದ. ಅದು ಕುಗ್ಗಿಸಿ ಕಳಿಸುತ್ತದೆ, ಮೂಲೆಯ ಅಕ್ಷರ ಓದೋಕೇ ಆಗಲ್ಲ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಬೇಕು.

ಮೂರನೇ ಸಲ ಸರಿಯಾದ ಫೈಲ್ ಬಂತು. ನನ್ನ ಎದೆ ಧಸಕ್ ಅಂತು. ಎಡ ಅಂಚಿನಲ್ಲಿದ್ದ ಬ್ಯಾಟರಿ ಪ್ಯಾಕೆಟ್‌ನ ಅಕ್ಷರ ಕಲಸಿದ ಹಾಗೆ, ಬಲ ಅಂಚಿನದು ಚೊಕ್ಕ. ವಾಪಸ್ ಕೊಡು ಅಂತ ಟೈಪ್ ಮಾಡೋಕೂ ಶುರು ಮಾಡಿದ್ದೆ. ಆಮೇಲೆ ಶೆಲ್ಫಿನ ಹಲಗೆ ನೋಡಿದೆ. ಎಡಕ್ಕೆ ಹೋಗ್ತಾ ಹೋಗ್ತಾ ಹಲಗೆಗಳು ಒಂದಕ್ಕೊಂದು ಹತ್ತಿರ ಆಗುತ್ತಿದ್ದವು. ಭಾವ ಓರೆ ನಿಂತಿದ್ದ! ಎಡಬದಿ ಕ್ಯಾಮೆರಾದಿಂದ ದೂರ ಇತ್ತು, 2.8ರಲ್ಲಿ ಅಷ್ಟು ಹತ್ತಿರದಿಂದ ತೆಗೆದರೆ ಎರಡೂ ಬದಿ ಫೋಕಸ್‌ನಲ್ಲಿ ಇರೋಕೆ ಸಾಧ್ಯ ಇಲ್ಲ. "ಭಾವ, ಒಂದು ಕೆಲಸ ಮಾಡು. ಮೇಲಿನ ಹಲಗೆ ವ್ಯೂಫೈಂಡರ್‌ನ ಅಂಚಿಗೆ ಸರಿಯಾಗಿ ಕೂರೋವರೆಗೆ ನೀನು ತಿರುಗು" ಅಂದೆ. ನಾಲ್ಕನೇ ಸಲ ಎರಡೂ ಅಂಚು ಒಂದೇ ಥರ ಬಂದವು. 2.8ರಲ್ಲಿ ಎರಡೂ ತುಸು ಮೆತ್ತಗೆ, 5.6ರಲ್ಲಿ ಎರಡೂ ಚೂಪು. ನಮಗೆ ಬೇಕಿದ್ದು ಅದೇ.

ಅಂಗಡಿಯವನ ತಾಳ್ಮೆ ದೊಡ್ಡದು. ಭಾವನದ್ದು ಇನ್ನೂ ದೊಡ್ಡದು.

ಬಂದ ಮೇಲೆ

ಭಾವ ಹುತ್ತರಿಗೆ ಮೂರು ದಿನ ಮುಂಚೆ ಬಂದ. ಕಣ್ಣೂರಿನಲ್ಲಿ ಯಾರೂ ಏನೂ ಕೇಳಲಿಲ್ಲವಂತೆ. ಜೇಬಲ್ಲಿದ್ದ ಬಿಲ್ ಬೆವರಿಗೆ ಒದ್ದೆಯಾಗಿತ್ತು.

ಹುತ್ತರಿ ರಾತ್ರಿ ಆಟೋಫೋಕಸ್ ತಡಕಾಡಿತು. ಅಷ್ಟು ಕತ್ತಲಲ್ಲಿ ಯಾವುದಾದರೂ ತಡಕಾಡುತ್ತದೆ. ಈ ಲೆನ್ಸಲ್ಲಿ ಫೋಕಸ್ ರಿಂಗನ್ನು ನಮ್ಮ ಕಡೆಗೆ ಟಕ್ ಅಂತ ಎಳೆದರೆ ಮ್ಯಾನುಯಲ್, ಮುಂದಕ್ಕೆ ತಳ್ಳಿದರೆ ಮತ್ತೆ ಆಟೋ. ತಮ್ಮ ಮುಂಚೆಯೇ ಬದುವಿನ ದೂರಕ್ಕೆ ಫೋಕಸ್ ಇಟ್ಟು, ರಿಂಗ್ ಎಳೆದುಕೊಂಡು ಕಾಯುತ್ತಾ ನಿಂತ. ಎಫ್/2.8, ಐಎಸ್‌ಒ 3200, ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ. ಕೋವಿಯ ಸದ್ದು ಕೇಳಿ ಕೈ ಅಲ್ಲಾಡಿದ ಒಂದು ಬಿಟ್ಟರೆ ಉಳಿದವು ಚೆನ್ನಾಗಿವೆ. 'ಪೊಲಿ ಪೊಲಿ' ಅಂತ ಎಲ್ಲರೂ ಬಾಯಿ ತೆರೆದು ಕೂಗುತ್ತಿರೋ ಒಂದನ್ನ ಅವನು ಹಜಾರದಲ್ಲಿ ಕಟ್ಟು ಹಾಕಿಸಿ ಇಟ್ಟಿದ್ದಾನೆ. ಅಂಚಿನಲ್ಲಿದ್ದ ದೊಡ್ಡಪ್ಪನ ತಲೆ ಮಾತ್ರ ಸೌತೆಕಾಯಿ ಥರ ಎಳೆದುಕೊಂಡಿದೆ. ವೈಡ್ ಲೆನ್ಸಲ್ಲಿ ಹಿರಿಯರನ್ನು ನಡುವೆ ನಿಲ್ಲಿಸಬೇಕು ಅಂತ ಹೇಳೋಕೆ ಮರೆತಿದ್ದೆ. ದೊಡ್ಡಪ್ಪ ಇನ್ನೂ ನನ್ನ ಮೇಲೆ ಸಿಟ್ಟು.

ನಕ್ಷತ್ರಗಳೂ ಆದವು. 11ರಲ್ಲಿ 30 ಸೆಕೆಂಡ್ ಬಿಟ್ಟರೂ ಚುಕ್ಕಿ ಹೆಚ್ಚುಕಡಿಮೆ ಚುಕ್ಕಿಯಾಗೇ ಉಳಿಯುತ್ತದೆ.

ಕೋಣೆಯ ಫೋಟೋ? ಅದಕ್ಕೇ ಅಲ್ವಾ ಇಷ್ಟೆಲ್ಲಾ ಶುರುವಾದದ್ದು. ಮೂಲೆಯಲ್ಲಿ ಟ್ರೈಪಾಡ್, ಎದೆಯ ಎತ್ತರ, ಕ್ಯಾಮೆರಾ ಮೇಲೂ ಇಲ್ಲ ಕೆಳಗೂ ಇಲ್ಲ, ನೇರ. ಹಾಗೆ ಇಟ್ಟರೆ ಮಾತ್ರ ಕಂಬ, ಬಾಗಿಲು ನೆಟ್ಟಗೆ ನಿಲ್ಲುತ್ತವೆ. 11ರಲ್ಲಿ ತೆಗೆದ ನಾಲ್ಕು ಕೋಣೆಯೂ ಅರಮನೆ ಥರ ಕಂಡವು. ತಮ್ಮ ಹಿಗ್ಗಿ ಹೀರೇಕಾಯಿ ಆದ. ಸಂಕ್ರಾಂತಿ ರಜೆಗೆ ಬಂದ ಒಂದು ಕುಟುಂಬ ಕೋಣೆ ಬಾಗಿಲಲ್ಲಿ ನಿಂತು, "ಇದಾ? ಫೋಟೋದಲ್ಲಿ ದೊಡ್ಡದಿತ್ತಲ್ಲ" ಅಂತ ಕೇಳಿತು. ಕೇಳಿದ್ದು ತಮ್ಮನನ್ನಲ್ಲ. ಅವನು ತೋಟದಲ್ಲಿದ್ದ. ಕೇಳಿದ್ದು ಅವನ ಹೆಂಡತಿಯನ್ನ.

ಸಂಜೆ ಅವಳು ನನಗೆ ಫೋನ್ ಮಾಡಿದಳು. "ಭಾವ, ನೀವು ಕೊಡಿಸಿದ ಲೆನ್ಸಿಗೆ ಸ್ವಲ್ಪ ಬುದ್ಧಿ ಹೇಳಿ. ಬಂದವರಿಗೆ ಉತ್ತರ ಕೊಡೋದು ನಾನು."

ಆ ವಾರವೇ ಹೋಗಿ ನಾಲ್ಕೂ ಕೋಣೆಯನ್ನು 14ರಲ್ಲಿ ಮತ್ತೆ ತೆಗೆದೆವು. 80 ಡಿಗ್ರಿ. ಮೂಲೆಯಿಂದ ಮೂಲೆಗೆ ಕಾಣಲ್ಲ, ಒಂದು ಗೋಡೆಯ ಅಂಚು ಹೊರಗೆ ಹೋಗುತ್ತದೆ. ಆದರೆ ಮಂಚ, ಕಿಟಕಿ, ಕಿಟಕಿಯಾಚೆ ಕಾಫಿ ಗಿಡ, ಎಲ್ಲಾ ತಮ್ಮ ತಮ್ಮ ಅಳತೆಯಲ್ಲಿ ಇವೆ. 11ರ ಫೋಟೋಗಳನ್ನು ಅವಳೇ ಕೂತು ಒಂದೊಂದಾಗಿ ತೆಗೆಸಿದಳು.

ಇನ್ನು ಉಳಿದದ್ದು ಮಳೆಗಾಲ. ತಮ್ಮನ ಹಳೆಯ 18-55ರ ಒಳಗೆ ಜೇಡರ ಬಲೆ ಥರ ಫಂಗಸ್ ಹಬ್ಬಿತ್ತು, ಚರ್ಮದ ಚೀಲದಲ್ಲಿ ಬೀರುವಿನಲ್ಲಿ ಇಟ್ಟಿದ್ದಕ್ಕೆ. ಹೊಸದನ್ನ ಒಲೆಯ ಮೇಲಿನ ಅಟ್ಟದಲ್ಲಿ ಇಡೋಣ, ಬೆಚ್ಚಗಿರುತ್ತೆ ಅಂತ ಚಿಕ್ಕಮ್ಮ ಹೇಳಿದರು. ಹೊಗೆ, ಎಣ್ಣೆಜಿಡ್ಡು ಎರಡೂ ಗಾಜಿಗೆ ಆಗಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ತೋರಿಸೋ ಸಣ್ಣ ಮೀಟರ್, ಒಂದು ಬಟ್ಟೆ ಚೀಲದಲ್ಲಿ ನೀಲಿ ಸಿಲಿಕಾ ಜೆಲ್. ಮೀಟರ್ 40ರಿಂದ 50ರ ನಡುವೆ ಇರಬೇಕು. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹಳೇ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ನೀಲಿ ಮಾಡಿಕೊಳ್ಳಬೇಕು. ಆ ಬಾಣಲೆ ಅಡುಗೆಗೆ ಮತ್ತೆ ಬರಬಾರದು. ಜುಲೈನಲ್ಲಿ ಹೋದಾಗ ಡಬ್ಬಿ ತೆಗೆದು ನೋಡಿದೆ. ಮೀಟರ್ 46 ತೋರಿಸುತ್ತಿತ್ತು. ಡಬ್ಬಿಯ ಮೇಲೆ ಚಿಕ್ಕಮ್ಮ ಸುಣ್ಣದಲ್ಲಿ ಬರೆದಿದ್ದರು: 'ಇದು ಉಪ್ಪಿನಕಾಯಿ ಅಲ್ಲ'.